ಮಡಕೆ ಒಡೆದಿದ್ದು ಯಾವಾಗ? ಕೊಡಗಿನಲ್ಲಿ ಮಣ್ಣಿನ ಕೆಲಸ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಏನು ಕೆಟ್ಟರೂ ಮಳೆಯ ತಲೆಗೇ ಕಟ್ಟುತ್ತೇವೆ. ಬಟ್ಟೆ ಒಣಗಲಿಲ್ಲ, ಮಳೆ. ಕರೆಂಟ್ ಹೋಯಿತು, ಮಳೆ. ಚಪ್ಪಲಿಗೆ ಬೂಷ್ಟು ಬಂತು, ಮಳೆ. ಮಡಿಕೇರಿ ಹತ್ತಿರದ ನನ್ನ ಶೆಡ್ಡಿನಲ್ಲಿ ಮಡಕೆ ಒಡೆದಾಗಲೂ ಎರಡು ವರ್ಷ ಇದನ್ನೇ ಹೇಳಿಕೊಂಡು ಬಂದೆ.

ಒಂದು ದಿನ ಕೆಟ್ಟುಹೋದ ಹನ್ನೊಂದು ಬಟ್ಟಲುಗಳನ್ನು ಜಗಲಿಯ ಮೇಲೆ ಸಾಲಾಗಿ ಮಗುಚಿ ಇಟ್ಟು ನೋಡಿದೆ. ಏಳರ ತಳದಲ್ಲಿ ಒಂದೇ ಥರದ ಬಿರುಕು, ಇಂಗ್ಲಿಷಿನ ಎಸ್ ಅಕ್ಷರ ಬರೆದ ಹಾಗೆ. ಎರಡರ ಬಾಯಂಚು ಸೀಳಿತ್ತು. ಒಂದು ಚೂರುಚೂರಾಗಿತ್ತು, ಅದನ್ನು ಹಳೇ ಪೇಪರಿನ ಮೇಲೆ ಗುಡ್ಡೆ ಹಾಕಿದ್ದೆ. ಕೊನೆಯದರ ಮೈಮೇಲೆ ಮೆಣಸಿನ ಕಾಳಿನಷ್ಟು ಗುಂಡಿ, ಗುಂಡಿಯ ಒಳಗೊಂದು ಬಿಳಿ ಚುಕ್ಕೆ. ಒಂದೇ ಮಳೆ ನಾಲ್ಕು ಥರ ಒಡೆಯುತ್ತದೆಯೇ? ಹುಡುಕುತ್ತಾ ಹೋದರೆ ಮಳೆಯ ಕೈವಾಡ ಇದ್ದದ್ದು ಕೊನೆಯ ಎರಡರಲ್ಲಿ, ಅದೂ ಅರ್ಧ. ಉಳಿದ ಒಂಬತ್ತು ನನ್ನದೇ ಕೆಲಸ.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅಂತಾರೆ. ದೊಣ್ಣೆ ಇಲ್ಲದೆಯೇ ಒಡೆದಾಗ ಏನು ನೋಡಬೇಕು ಅನ್ನೋದು ಈ ಬರಹ.

ಮೊದಲು ಚೂರು ಎತ್ತಿಕೊಳ್ಳಿ

ಒಡೆದಿದ್ದನ್ನು ಬಿಸಾಡಬೇಡಿ. 'ಯಾಕೆ ಒಡೆಯಿತು' ಅಂತ ಕೇಳುವ ಮೊದಲು 'ಯಾವಾಗ ಒಡೆಯಿತು' ಅಂತ ಕೇಳಿ. ಹಸಿ ಮಡಕೆ ಒಣಗುವಾಗಲೋ, ಮೊದಲ ಸಲ ಸುಡುವಾಗಲೋ (ಇದಕ್ಕೆ ಬಿಸ್ಕ್ ಅನ್ನುತ್ತಾರೆ), ಗ್ಲೇಜ್ (ಕರಗಿ ಗಾಜಾಗುವ ಲೇಪ) ಹಾಕಿ ಎರಡನೇ ಸಲ ಸುಡುವಾಗಲೋ, ಅಥವಾ ಎಲ್ಲಾ ಮುಗಿದು ಮನೆಯಲ್ಲಿ ಬಳಸುವಾಗಲೋ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬಿರುಕಿನ ಅಂಚು ಅದನ್ನು ಹೇಳುತ್ತದೆ. ಒಣಗುವಾಗ ಬಿದ್ದ ಬಿರುಕು ಅಗಲವಾಗಿ ಬಾಯಿ ಬಿಟ್ಟಿರುತ್ತದೆ, ಅಂಚು ಬೇಸಿಗೆಯ ಗದ್ದೆಯ ಬಿರುಕಿನ ಹಾಗೆ ಒರಟು. ಸುಟ್ಟ ಮೇಲೆ ತಣ್ಣಗಾಗುವಾಗ ಬಿದ್ದದ್ದು ಕೂದಲಿನಷ್ಟು ಸಣ್ಣ, ಮುರಿದರೆ ಅಂಚು ಬೆರಳು ಕೊಯ್ಯುವಷ್ಟು ಚೂಪು. ಗ್ಲೇಜ್ ಹಾಕಿದ ಮಡಕೆಯಲ್ಲಿ ಇನ್ನೂ ಸುಲಭ. ಬಿರುಕಿನ ಎರಡೂ ಕಡೆ ಗ್ಲೇಜ್ ಕರಗಿ ದುಂಡಗಾಗಿದ್ದರೆ ಗ್ಲೇಜ್ ಕರಗುವ ಮೊದಲೇ ಬಿರುಕು ಇತ್ತು. ಗಾಜು ಒಡೆದಂತೆ ಚೂಪಾಗಿದ್ದರೆ ಅದು ತಣ್ಣಗಾಗುವಾಗ ಆದದ್ದು. ನಾನು ಈಗ ಬೇರೇನೂ ನೋಡುವ ಮೊದಲು ಹೆಬ್ಬೆರಳಿನಿಂದ ಅಂಚು ಸವರುತ್ತೇನೆ. ಮೆಲ್ಲಗೆ ಸವರಿ, ಒಮ್ಮೆ ರಕ್ತ ಬಂದಿದೆ.

ತಳದಲ್ಲಿ ಎಸ್ ಬಿರುಕು

ತಿಗರಿಯ ಮೇಲೆ ಮಾಡಿದ ಪಾತ್ರೆಯಲ್ಲಿ ಮಾತ್ರ ಬರುವಂಥದ್ದು. ಮಣ್ಣಿನ ಮುದ್ದೆಯನ್ನು ತಿಗರಿಯ ನಡುವೆ ಕೂರಿಸಿ, ಬೆರಳಿಂದ ತೆರೆದು, ಗೋಡೆ ಎಳೆಯುತ್ತೀರಿ. ಗೋಡೆಯ ಮಣ್ಣು ಎರಡು ಕೈಗಳ ನಡುವೆ ಚೆನ್ನಾಗಿ ಒತ್ತಿಸಿಕೊಳ್ಳುತ್ತದೆ. ತಳದ ಮಣ್ಣನ್ನು ಯಾರೂ ಒತ್ತುವುದಿಲ್ಲ. ಮೇಲಿಂದ, ಒಳಗೆ ನಿಂತ ನೀರನ್ನೂ ಅದೇ ಕುಡಿಯುತ್ತದೆ. ಹಲಗೆಯ ಮೇಲೆ ಕೂತಿರುವುದರಿಂದ ಒಣಗುವುದೂ ಕೊನೆಗೆ. ಗೋಡೆ ಕುಗ್ಗಿ ಗಟ್ಟಿಯಾದ ಮೇಲೆ ತಳ ಕುಗ್ಗಲು ಹೊರಟರೆ ಜಾಗ ಎಲ್ಲಿ? ನಡುವೆ ಸೀಳುತ್ತದೆ. ತಿಗರಿ ತಿರುಗಿದ ದಿಕ್ಕಿಗೆ ತಕ್ಕಂತೆ ಸೀಳು ಬಳುಕಿ ಎಸ್ ಆಗುತ್ತದೆ.

ಮುದ್ದೆ ತೆರೆದ ಕೂಡಲೇ ಬೆರಳಿನಿಂದಲೋ ಮರದ ತುಂಡಿನಿಂದಲೋ ತಳವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಮೂರ್ನಾಲ್ಕು ಸಲ ಒತ್ತಿ. ಒಳಗಿನ ನೀರನ್ನು ಸ್ಪಂಜಿನಲ್ಲಿ ತೆಗೆಯಿರಿ. ತಳದ ದಪ್ಪ ಗೋಡೆಯಷ್ಟೇ ಇರಲಿ. ಬಾಯಂಚು ಗಟ್ಟಿಯಾದ ಮೇಲೆ ಮಗುಚಿ ಇಡಿ, ತಳಕ್ಕೂ ಗಾಳಿ ಬೇಕು. ಇಷ್ಟೇ. ನನ್ನ ಏಳು ಬಟ್ಟಲುಗಳಿಗೆ ಇಷ್ಟು ಸಾಕಿತ್ತು.

ಬಾಯಂಚು, ಹಿಡಿ, ಮತ್ತು ಒಲೆಯ ಮೇಲಿನ ಅಟ್ಟ

ನಮ್ಮ ಮಳೆಗಾಲದಲ್ಲಿ ಮಡಕೆ ಬೇಗ ಒಣಗಿ ಸೀಳುವುದಿಲ್ಲ. ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ತೊಗಲಿನ ಹದ, ಅಂದರೆ ಬೆರಳಲ್ಲಿ ಒತ್ತಿದರೆ ಗುಳಿ ಬೀಳದೆ ಉಗುರಿನ ಗೀರು ಮಾತ್ರ ಬೀಳುವ ಹದ, ಬೇಸಿಗೆಯಲ್ಲಿ ಸಂಜೆಯೊಳಗೆ ಬರುವುದು ಜುಲೈಯಲ್ಲಿ ನಾಲ್ಕು ದಿನವಾದರೂ ಬರುವುದಿಲ್ಲ. ಸೀಳುವುದು ನಾವು ತಾಳ್ಮೆಗೆಟ್ಟು ಒಲೆಯ ಮೇಲಿನ ಅಟ್ಟದಲ್ಲೋ ಫ್ಯಾನಿನ ಮುಂದೋ ಇಟ್ಟಾಗ. ಒಲೆಯ ಕಡೆಯ ಮೈ ಕುಗ್ಗುತ್ತದೆ, ಆಚೆ ಕಡೆಯದು ಹಸಿಯಾಗಿಯೇ ಇರುತ್ತದೆ. ಎರಡರ ಜಗಳದಲ್ಲಿ ಬಾಯಂಚು ಸೀಳುತ್ತದೆ. ಬೆಂಕಿ ಬೇಡ ಅಂತಲ್ಲ. ನಾನು ಈಗ ಬಿದಿರಿನ ಪಟ್ಟಿ ಹೊಡೆದ ಶೆಲ್ಫಿನ ಮೇಲೆ, ಪೇಪರ್ ಮುಚ್ಚಿ, ಬೆಂಕಿಯಿಂದ ಆರಡಿ ದೂರ ಇಡುತ್ತೇನೆ. ದಿನಕ್ಕೆರಡು ಸಲ ಕಾಲು ಸುತ್ತು ತಿರುಗಿಸುತ್ತೇನೆ. ಕಾಫಿ ಒಣಗಿಸುವಾಗ ಕಣದಲ್ಲಿ ಎಳೆಯುತ್ತಾ ಇರುತ್ತೇವಲ್ಲ, ಅದೇ ಬುದ್ಧಿ.

ಕಪ್ಪಿನ ಹಿಡಿ ಬುಡದಲ್ಲಿ ಬಿಟ್ಟುಕೊಂಡರೆ ಕಾರಣ ಸಾಮಾನ್ಯವಾಗಿ ಒಂದೇ: ಕಪ್ಪು ಒಣಗಿತ್ತು, ಹಿಡಿ ಹಸಿ ಇತ್ತು. ಎರಡೂ ಒಂದೇ ಹದದಲ್ಲಿರಬೇಕು. ಅಂಟಿಸುವ ಎರಡೂ ಜಾಗವನ್ನು ಫೋರ್ಕಿನಿಂದ ಗೀರಿ, ಅದೇ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿದ ಸ್ಲಿಪ್ ಸವರಿ, ಒತ್ತಿ ಅಲ್ಲಾಡಿಸಿ ಕೂರಿಸಿ. ಆಮೇಲೆ ಹಿಡಿಗೆ ಪ್ಲಾಸ್ಟಿಕ್ ಸುತ್ತಿ ಒಂದು ದಿನ ಬಿಡಿ. ಹಿಡಿ ಸಣ್ಣದಲ್ವಾ, ಬಿಟ್ಟರೆ ಅದೇ ಮೊದಲು ಒಣಗಿ ಎಳೆಯುತ್ತದೆ.

ಮಣ್ಣೇ ಸರಿಯಿಲ್ಲದಿದ್ದರೆ

ಎಲ್ಲಾ ಸರಿ ಮಾಡಿದರೂ ಎಲ್ಲಾ ಪಾತ್ರೆಯೂ ಸೀಳುತ್ತಿದ್ದರೆ ಮಣ್ಣನ್ನು ನೋಡಿ. ಅಂಗಡಿಯ ಮಣ್ಣಿಗೆ ಇದು ಅಷ್ಟಾಗಿ ಅನ್ವಯಿಸುವುದಿಲ್ಲ. ಗದ್ದೆಯಿಂದ ತಂದವರು ಓದಿ.

ಗುಡ್ಡದ ಬರೆಯ ಕೆಂಪು ಮಣ್ಣು ನೋಡಲು ಚಂದ, ಆದರೆ ಮುರಕಲ್ಲಿನ ಜಾತಿಯದು, ಕೈಯಲ್ಲಿ ಉದುರುತ್ತದೆ. ಗದ್ದೆಯಲ್ಲಿ ಮೇಲ್ಮಣ್ಣು ತೆಗೆದ ಮೇಲೆ ಸಿಗುವ ಬೂದು ಜೇಡಿ ಅಂಟು. ಪರೀಕ್ಷೆ ಸುಲಭ. ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟು ಮುರಿದರೆ ಅಂಟು ಸಾಲದು. ಬಿರುಕಿಲ್ಲದೆ ಸುತ್ತಿಕೊಂಡು ಕೈಗೆಲ್ಲಾ ಮೆತ್ತಿಕೊಂಡರೆ ಅಂಟು ಜಾಸ್ತಿ. ಅಂಟು ಜಾಸ್ತಿ ಇದ್ದರೆ ಕುಗ್ಗುವುದೂ ಜಾಸ್ತಿ.

ಎಷ್ಟು ಕುಗ್ಗುತ್ತದೆ ಅಂತ ಅಳೆಯಿರಿ. ಹಸಿ ಮಣ್ಣಿನ ಪಟ್ಟಿ ಮಾಡಿ, ಅದರ ಮೇಲೆ ಚಾಕುವಿನಿಂದ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಅಳೆದರೆ ನನ್ನ ಗದ್ದೆ ಮಣ್ಣಿನ ಗೆರೆ 9 ಸೆಂಟಿಮೀಟರಿಗೆ ಇಳಿದಿತ್ತು. ನೂರಕ್ಕೆ 10 ಕುಗ್ಗಿತು ಅಂತಾಯಿತು. 6ರಿಂದ 8 ಇದ್ದರೆ ನೆಮ್ಮದಿ. ಕಡಿಮೆ ಮಾಡಲು ಸುಟ್ಟ ಮಣ್ಣಿನ ಪುಡಿ ಬೆರೆಸಬೇಕು, ಅದನ್ನೇ ಗ್ರಾಗ್ ಅನ್ನುವುದು. ಒಮ್ಮೆ ಸುಟ್ಟದ್ದು ಮತ್ತೆ ಕುಗ್ಗುವುದಿಲ್ಲ, ಮಣ್ಣಿನೊಳಗೆ ಎಲುಬಿನ ಹಾಗೆ ನಿಲ್ಲುತ್ತದೆ. ಕೊಳ್ಳುವುದೇ ಬೇಡ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಥರದ ಹೆಂಚು ಘಟ್ಟ ಹತ್ತಿ ನಮ್ಮ ಮಾಡುಗಳ ಮೇಲೂ ಬಂದು ಕೂತಿದೆ. ಹಿತ್ತಿಲಲ್ಲಿ ಒಡೆದ ಹೆಂಚಿನ ರಾಶಿ ಇಲ್ಲದ ಮನೆ ಯಾವುದು? ಪಾಚಿ ತೊಳೆದು, ಕುಟ್ಟಿ, ರವೆ ಜರಡಿಯಲ್ಲಿ ಆಡಿಸಿ. ನೂರು ಪಾಲಿಗೆ 15 ಪಾಲು ಸೇರಿಸಿದ ಮೇಲೆ ನನ್ನ ಮಣ್ಣು 7ಕ್ಕೆ ಬಂತು. ಕುಟ್ಟುವಾಗ ಮೂಗಿಗೆ ಒಳ್ಳೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ ಕುಟ್ಟಿ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಗುಂಡಿಯೊಳಗಿನ ಬಿಳಿ ಚುಕ್ಕೆ

ಇದು ನಮ್ಮ ಜಿಲ್ಲೆಯವರು ವಿಶೇಷವಾಗಿ ನೋಡಬೇಕಾದ ದೋಷ. ಮಡಕೆ ಸುಟ್ಟು ಹೊರಬಂದಾಗ ಚೆನ್ನಾಗಿರುತ್ತದೆ. ವಾರ ಕಳೆದ ಮೇಲೆ ಮೈಯಿಂದ ಬಟ್ಟಲಿನಾಕಾರದ ಚಕ್ಕೆ ಹಾರುತ್ತದೆ. ಗುಂಡಿಯ ತಳದಲ್ಲಿ ಬಿಳಿ ಪುಡಿ. ಅದು ಸುಣ್ಣ.

ತೋಟದ ಮಣ್ಣಿನ ಹುಳಿ ಕಳೆಯಲು ಸುಣ್ಣ ಹಾಕುತ್ತೇವೆ. ಕಾಫಿಗೆ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ಮೈಲುತುತ್ತದ ಜೊತೆ ಸುಣ್ಣ ಇರುತ್ತದೆ. ತೋಟದ ಕೆಳಗಿನ ಗದ್ದೆಯ ಅಂಚಿನಲ್ಲಿ ಮಣ್ಣು ತೆಗೆದರೆ ಸುಣ್ಣದ ಹರಳು ಜೊತೆಯಲ್ಲೇ ಬರಬಹುದು. ನಾನು ತೆಗೆದದ್ದು ಸರಿಯಾಗಿ ದ್ರಾವಣ ಕಲಸುವ ಡ್ರಮ್ಮಿನ ಹತ್ತಿರ. ಸುಮಾರು 850 ಡಿಗ್ರಿ ದಾಟಿದ ಮೇಲೆ ಆ ಹರಳು ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣ ನೀರು ಕಂಡರೆ ಉಬ್ಬುತ್ತದೆ ಅಂತ ಗೋಡೆಗೆ ಸುಣ್ಣ ಬಳಿದವರಿಗೆಲ್ಲಾ ಗೊತ್ತು. ನೀರು ಸುರಿಯಬೇಕಾಗಿಯೂ ಇಲ್ಲ, ನಮ್ಮ ಆಷಾಢದ ಗಾಳಿಯೇ ಸಾಕು. ಮಳೆ ಇಲ್ಲಿ ಸಾಕ್ಷಿ, ಅಪರಾಧಿಯಲ್ಲ.

ಪರೀಕ್ಷೆಗೆ ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನಿಗರ್ ಬಿಡಿ. ನೊರೆ ಬಂದರೆ ಆ ಮಣ್ಣು ಬೇಡ. (ಕಾಚಂಪುಳಿಯೂ ಹುಳಿಯೇ, ಆದರೆ ಅದರ ಬೆಲೆ ಗೊತ್ತಲ್ಲ, ಅದನ್ನು ಪಂದಿಕರಿಗೆ ಇಟ್ಟುಕೊಳ್ಳಿ.) ನೊರೆ ಬರಲಿಲ್ಲ ಅಂದರೂ ಮಣ್ಣನ್ನು ನೀರಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸಿ. ಹಿಟ್ಟಿನಷ್ಟು ಸಣ್ಣಗಿರುವ ಸುಣ್ಣ ಅಷ್ಟು ಕಾಡುವುದಿಲ್ಲ, ಹರಳೇ ಕಾಟ. ಈಗಾಗಲೇ ಸುಟ್ಟಿದ್ದರೆ, ಕಿಲ್ನಿಂದ, ಅಂದರೆ ಮಡಕೆ ಸುಡುವ ಗೂಡಿನಿಂದ, ತೆಗೆದ ಕೂಡಲೇ, ಇನ್ನೂ ಉಗುರು ಬೆಚ್ಚಗಿರುವಾಗ, ನೀರಿನಲ್ಲಿ ಪೂರ್ತಿ ಮುಳುಗಿಸಿ ಒಂದು ದಿನ ಬಿಡಿ. ಕೆಲವು ಉಳಿಯುತ್ತವೆ.

ಕಿಲ್ನಿನೊಳಗೆ ಸಿಡಿದರೆ

'ಗಾಳಿಗುಳ್ಳೆ ಇತ್ತು, ಅದಕ್ಕೇ ಸಿಡಿಯಿತು' ಅಂತ ಎಲ್ಲರೂ ಹೇಳುತ್ತಾರೆ. ಸಿಡಿಸುವುದು ಗಾಳಿಯಲ್ಲ, ನೀರು. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಪೂರ್ತಿ ಒಣಗಿದ ಮಡಕೆಯಲ್ಲಿ ಗುಳ್ಳೆ ಇದ್ದರೂ ಸಾಮಾನ್ಯವಾಗಿ ಸಿಡಿಯುವುದಿಲ್ಲ. ಒಣಗದ ದಪ್ಪ ತಳ ಗುಳ್ಳೆ ಇಲ್ಲದಿದ್ದರೂ ಸಿಡಿಯುತ್ತದೆ. ಹಾಗಂತ ಮಣ್ಣು ನಾದುವುದನ್ನು ಬಿಡಬೇಡಿ. ಗುಳ್ಳೆ ಇದ್ದರೆ ತಿಗರಿಯ ಮೇಲೆ ಕೈಗೆ ತೊಡರುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ಹಳೆಯ ದಾರಿ, ಕೆನ್ನೆಗೆ ಒತ್ತಿ ನೋಡುವುದು. ತಣ್ಣಗನಿಸಿದರೆ ನೀರು ಇನ್ನೂ ಆವಿಯಾಗುತ್ತಿದೆ. ಮಡಿಕೇರಿಯ ಜುಲೈಯಲ್ಲಿ ನನ್ನ ಕೆನ್ನೆಯೇ ತಣ್ಣಗಿರುತ್ತದೆ, ಈ ಪರೀಕ್ಷೆ ನಡೆಯಲ್ಲ. ಅಡುಗೆಮನೆಯ ತಕ್ಕಡಿ ತೆಗೆದುಕೊಂಡೆ. ಒಂದು ಬಟ್ಟಲನ್ನು ದಿನಾ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ: 412 ಗ್ರಾಂ, 396, 387, 383, 383. ನಿಂತಿತು ಅಂತ ಖುಷಿಯಿಂದ ಸುಟ್ಟೆ. ಅದೇ ಆ ಚೂರುಗಳ ಗುಡ್ಡೆ.

ಆದದ್ದು ಇಷ್ಟು. ತೂಕ ನಿಂತರೆ ಒಣಗಿತು ಅಂತಲ್ಲ, ಗಾಳಿಯಷ್ಟೇ ಒದ್ದೆಯಾಯಿತು ಅಂತ. ಗಾಳಿಯೇ ತೊಯ್ದಿದ್ದರೆ ಮಣ್ಣಿನೊಳಗೆ ಅದಕ್ಕೆ ತಕ್ಕಷ್ಟು ನೀರು ಉಳಿದೇ ಇರುತ್ತದೆ. ಕೊನೆಯ ಒಣಗಿಸುವಿಕೆ ಕಿಲ್ನಿನೊಳಗೇ ಆಗಬೇಕು. ಪುಸ್ತಕಗಳು 95 ಡಿಗ್ರಿಯಲ್ಲಿ ಇಡಿ ಅನ್ನುತ್ತವೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,170 ಮೀಟರ್ ಎತ್ತರ, ಇಲ್ಲಿ ನೀರು ಕುದಿಯುವುದೇ ಸುಮಾರು 96ಕ್ಕೆ. ಕಿಲ್ನಿನ ಮೀಟರ್ ಐದು ಡಿಗ್ರಿ ಆಚೀಚೆ ತೋರಿಸಿದರೆ ಮುಗಿಯಿತು. ಹಾಗಾಗಿ ನಾನು 80ರಲ್ಲಿ ರಾತ್ರಿಯಿಡೀ ಬಿಡುತ್ತೇನೆ, ಮುಚ್ಚಳದ ಸಂದಿಗೆ ಇಟ್ಟಿಗೆ ಚೂರು ಕೊಟ್ಟು. ಬೆಳಿಗ್ಗೆ ಆ ಸಂದಿಗೆ ಕನ್ನಡಿ ಹಿಡಿಯಿರಿ. ಮಂಜು ಕೂತರೆ ಇನ್ನೂ ಕಾಯಿರಿ.

100 ದಾಟಿದ ಮೇಲೂ ನೀರು ಇದೆ. ಜೇಡಿಮಣ್ಣಿನ ಕಣದೊಳಗೇ ಬೆಸೆದುಕೊಂಡ ನೀರು ಸುಮಾರು 450ರಿಂದ 600 ಡಿಗ್ರಿಯ ನಡುವೆ ಹೊರಡುತ್ತದೆ. ಅದಾದ ಮೇಲೆ ಮಣ್ಣು ಮತ್ತೆ ಕದಡಿಕೊಳ್ಳುವುದಿಲ್ಲ, ಮಡಕೆಯಾಗುತ್ತದೆ. 573 ಡಿಗ್ರಿಯಲ್ಲಿ ಮರಳಿನ ಕಣ, ಅಂದರೆ ಕ್ವಾರ್ಟ್ಜ್, ಇದ್ದಕ್ಕಿದ್ದಂತೆ ಹಿಗ್ಗುತ್ತದೆ, ತಣ್ಣಗಾಗುವಾಗ ಅಲ್ಲೇ ಕುಗ್ಗುತ್ತದೆ. ಹೋಗುವಾಗಲೂ ಬರುವಾಗಲೂ ಆ ಜಾಗದಲ್ಲಿ ನಿಧಾನ.

ತಣ್ಣಗಾಗುವಾಗಿನ ಬಿರುಕನ್ನು ನಾನು ಕಿವಿಯಾರೆ ಕೇಳಿದ್ದೇನೆ. ಪುತ್ತರಿ ಹಬ್ಬಕ್ಕೆ ಕೊಡಬೇಕಾಗಿದ್ದ ತಟ್ಟೆಗಳು. ಮೀಟರ್ 240 ತೋರಿಸುತ್ತಿತ್ತು. ಸುಮ್ನೆ ಇಣುಕಿ ನೋಡೋಣ ಅಂತ ಮುಚ್ಚಳ ಎತ್ತಿದೆ. ಹೊರಗೆ ಡಿಸೆಂಬರಿನ ಚಳಿ. 'ಟಿಣ್' ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರು ತಟ್ಟೆ ಹೋದವು, ಮೂರರಲ್ಲೂ ಅಂಚಿನಿಂದ ನಡುವಿಗೆ ನೇರ ಗೆರೆ. ಈಗ 80ಕ್ಕೆ ಇಳಿಯುವವರೆಗೆ ಕಿಲ್ನಿನ ಹತ್ತಿರ ಹೋಗುವುದಿಲ್ಲ.

ಮುರಿದ ಜಾಗದಲ್ಲಿ ನಡುವೆ ಕಪ್ಪು ಪಟ್ಟಿ ಕಂಡರೆ ಅದು ಉರಿಯದೆ ಉಳಿದ ಇದ್ದಿಲು. ಗದ್ದೆ ಮಣ್ಣಿನಲ್ಲಿ ಬೇರು, ಹುಲ್ಲು ಕೊಳೆತಿರುತ್ತದೆ. 700ರಿಂದ 900ರವರೆಗೆ ನಿಧಾನ ಹೋಗಿ, ಗಾಳಿಯ ಕಿಂಡಿ ತೆರೆದಿಡಿ. ಬಿಟ್ಟರೆ ಗ್ಲೇಜ್ ಸುಡುವಾಗ ಮೈಮೇಲೆ ಬೊಬ್ಬೆ ಏಳುತ್ತದೆ.

ಬಿಸಿ ಏರುತ್ತಲೇ ಇಲ್ಲ

ಕರೆಂಟಿನ ಕಿಲ್ನ್ 1,100ಕ್ಕೆ ಹೋಗಿ ನಿಂತುಬಿಟ್ಟರೆ ಮೊದಲು ಮಲ್ಟಿಮೀಟರ್ ತನ್ನಿ, ಮೆಕ್ಯಾನಿಕ್ ಆಮೇಲೆ. ಕಿಲ್ನ್ ಓಡುತ್ತಿರುವಾಗಲೇ ವೋಲ್ಟೇಜ್ ನೋಡಬೇಕು. ಬರಿಗೈಯಲ್ಲಿ ಆಟ ಬೇಡ, ಎಲೆಕ್ಟ್ರಿಶಿಯನ್ ಕೈಲಿ ನೋಡಿಸಿ. ವೋಲ್ಟೇಜ್ ಸ್ವಲ್ಪ ಇಳಿದರೆ ಬಿಸಿ ತುಂಬಾ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಇದ್ದರೆ ಕಾಯಿಲ್ ಕೊಡುವ ಶಕ್ತಿ ನೂರಕ್ಕೆ 76ಕ್ಕೆ ಬೀಳುತ್ತದೆ. 180 ಇದ್ದರೆ 61. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದೆ ಎಲ್ಲರೂ ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ ನನ್ನ ಕಡೆ ಹಗಲು 190 ದಾಟುವುದಿಲ್ಲ. ಆ ದಿನಗಳಲ್ಲಿ ರಾತ್ರಿ ಹತ್ತರ ಮೇಲೆ ಸುಡುತ್ತೇನೆ. ವೋಲ್ಟೇಜ್ ಸರಿಯಿದ್ದೂ ಏರದಿದ್ದರೆ ಕಾಯಿಲ್ ಹಳತಾಗಿದೆ ಅಂತ.

ಮೀಟರನ್ನು ಪೂರ್ತಿ ನಂಬಬೇಡಿ. ಒಳಗೆ ಕೋನ್ ಇಡಿ. ಇದು ಗೊತ್ತಾದ ಬಿಸಿಗೆ ಬಾಗುವ ಪುಟ್ಟ ಗೋಪುರ. 06 ನಂಬರಿನದು ಸುಮಾರು 1,000 ಡಿಗ್ರಿಗೆ ಬಾಗುತ್ತದೆ, ಬಿಸ್ಕಿಗೆ ಅದು ಸರಿ. 6 ನಂಬರಿನದು ಸುಮಾರು 1,220ಕ್ಕೆ, ಹೆಚ್ಚು ಬಿಸಿಯಲ್ಲಿ ಬೆಂದು ಕಲ್ಲಿನ ಹಾಗೆ ಗಟ್ಟಿಯಾಗುವ ಸ್ಟೋನ್‌ವೇರಿಗೆ. ಆ ಮುಂದಿನ ಸೊನ್ನೆಯನ್ನು ನೋಡದೆ ತರಿಸಿದವರು ಇದ್ದಾರೆ. ಯಾರು ಅಂತ ಕೇಳಬೇಡಿ.

ಗ್ಲೇಜಿನ ತಂಟೆ

ಗ್ಲೇಜ್ ಅಂದರೆ ಮಡಕೆಯ ಮೈಮೇಲೆ ಕರಗಿ ಕೂರುವ ಗಾಜು. ಗಾಜಾಗುವುದು ಸಿಲಿಕಾ, ಅದನ್ನು ಕಡಿಮೆ ಬಿಸಿಯಲ್ಲಿ ಕರಗಿಸುವುದು ಫೆಲ್ಡ್‌ಸ್ಪಾರಿನಂಥವು, ಹರಿದು ಹೋಗದಂತೆ ಹಿಡಿಯುವುದು ಚೀನಾ ಮಣ್ಣು.

ಗ್ಲೇಜ್ ಅಲ್ಲಲ್ಲಿ ಹಿಂದೆ ಸರಿದು ಬರಿ ಮಣ್ಣು ಕಂಡರೆ ಮೈಮೇಲೆ ಧೂಳೋ ಎಣ್ಣೆಯೋ ಇತ್ತು, ಇಲ್ಲವೇ ಗ್ಲೇಜ್ ದಪ್ಪ ಬಿತ್ತು. ಊಟ ಮಾಡಿದ ಕೈಯಲ್ಲಿ ಬಿಸ್ಕ್ ಆದ ಪಾತ್ರೆ ಮುಟ್ಟಬೇಡಿ. ಒದ್ದೆ ಸ್ಪಂಜಿನಲ್ಲಿ ಒರೆಸಿ, ಆದರೆ ಒರೆಸಿದ ತಕ್ಷಣ ಅದ್ದಬೇಡಿ. ಮಳೆಗಾಲದಲ್ಲಿ ಶೆಲ್ಫಿನ ಮೇಲಿದ್ದ ಬಿಸ್ಕ್ ಆಗಲೇ ತೇವ ಕುಡಿದಿರುತ್ತದೆ, ಗ್ಲೇಜ್ ಹೀರಿಕೊಳ್ಳುವುದಿಲ್ಲ, ತೆಳುವಾಗಿ ಹಿಡಿಯುತ್ತದೆ. ನಾನು ಒಂದು ಗಂಟೆ 100 ಡಿಗ್ರಿಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಅದ್ದುತ್ತೇನೆ.

ಗ್ಲೇಜಿನಲ್ಲಿ ಜೇಡರ ಬಲೆಯಂಥ ಗೆರೆಗಳು ಬಿದ್ದರೆ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗಿದೆ. ಗಿಡ್ಡ ಅಂಗಿ ತೊಟ್ಟ ಹಾಗೆ. ಸಿಲಿಕಾ ಸ್ವಲ್ಪ ಹೆಚ್ಚಿಸಿದರೆ, ಸೋಡಿಯಂ ಇರುವ ಫೆಲ್ಡ್‌ಸ್ಪಾರ್ ಕಡಿಮೆ ಮಾಡಿದರೆ ಸರಿಹೋಗುತ್ತದೆ. ತಿಂಗಳು ಕಳೆದ ಮೇಲೆ ಗೆರೆ ಬಂದರೆ ಮಣ್ಣು ಪೂರ್ತಿ ಬೆಂದಿಲ್ಲ, ತೇವ ಹೀರಿ ಉಬ್ಬುತ್ತಿದೆ. ಇದರ ಉಲ್ಟಾ, ಅಂಚಿನಿಂದ ಗ್ಲೇಜ್ ಚಕ್ಕೆಯಾಗಿ ಉದುರುವುದು, ಅಪಾಯ. ಆ ಪಾತ್ರೆ ಊಟಕ್ಕೆ ಬೇಡ, ಗಾಜಿನ ಚೂರು ಹೊಟ್ಟೆಗೆ ಹೋಗುತ್ತದೆ.

ಇನ್ನೊಂದು ಮಾತು. ಸೀಸ ಇರುವ ಗ್ಲೇಜನ್ನು ಊಟದ ಪಾತ್ರೆಗೆ ಹಾಕಲೇಬೇಡಿ. ಹುಳಿ ಪದಾರ್ಥ ಸೀಸವನ್ನು ಎಳೆದುಕೊಳ್ಳುತ್ತದೆ, ನಮ್ಮ ಅಡುಗೆಯಲ್ಲಿ ಹುಳಿಗೆ ಕಮ್ಮಿಯಿಲ್ಲ. ಕಾಚಂಪುಳಿ, ಉಪ್ಪಿನಕಾಯಿ ಹಾಕುವ ಜಾಡಿಗೆ ಏನು ಬಳಿದಿದ್ದಾರೆ ಅಂತ ಕೇಳಿಯೇ ಕೊಳ್ಳಿ.

ಸೋರುತ್ತಿದೆ ಅಂದರೆ

ಸ್ಟೋನ್‌ವೇರ್ ಕಪ್ಪಿನಡಿಯಲ್ಲಿ ಮೇಜು ಒದ್ದೆಯಾದರೆ ಬೇಯಿಸಿದ್ದು ಸಾಲದು. ಗ್ಲೇಜ್ ಇಲ್ಲದ ಚೂರು ತೂಗಿ, ಎರಡು ಗಂಟೆ ನೀರಲ್ಲಿ ಕುದಿಸಿ, ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 102 ಆದರೆ ಒಪ್ಪಬಹುದು. 108 ಆದರೆ ಇನ್ನೂ ಬಿಸಿ ಬೇಕು.

ಕೆಂಪು ಮಣ್ಣಿನ ಹೂಜಿ ಬೆವರಿದರೆ ಅದು ದೋಷವಲ್ಲ, ಅದರ ಕೆಲಸವೇ ಅದು. ಬೆವರು ಆರುವಾಗ ನೀರು ತಂಪಾಗುತ್ತದೆ. ಕುಶಾಲನಗರದ ಕಡೆಯ ಪರಿಚಯದ ಅಕ್ಕ ಒಬ್ಬರು ಜೂನ್‌ನಲ್ಲಿ ಹೂಜಿ ವಾಪಸ್ ತಂದರು, 'ಏಪ್ರಿಲ್‌ನಲ್ಲಿ ಚೆನ್ನಾಗಿತ್ತು, ಈಗ ತಣ್ಣಗಾಗೋದೇ ಇಲ್ಲ ನೋಡಿ' ಅಂತ. ಗಾಳಿ ಒದ್ದೆಯಿದ್ದರೆ ಬೆವರು ಆರುವುದಾದರೂ ಹೇಗೆ? ಇದೊಂದು ಕೇಸಿನಲ್ಲಿ ಮಾತ್ರ ಪೂರ್ತಿ ತಪ್ಪು ಮಳೆಯದು. ಕಾಫಿ ಕೊಟ್ಟು, ಹೂಜಿಯನ್ನು ನವೆಂಬರ್‌ವರೆಗೆ ಅಟ್ಟಕ್ಕೆ ಹಾಕಿ ಅಂತ ಹೇಳಿ ಕಳಿಸಿದೆ.